ಸಿಂಗಾಪುರದಲ್ಲಿ ಹಬ್ಬ ನೋಡಲು ಹೋಗುವವರಿಗೆ ಅಲ್ಲಿನ ಹವಾಮಾನ ಸೇವೆ ಎಷ್ಟು ಉಪಯೋಗ?

ಸಿಂಗಾಪುರಕ್ಕೆ ಯಾವ ತಿಂಗಳು ಹೋದರೆ ಮಳೆ ಕಾಟ ಇರುವುದಿಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಅಂಥ ತಿಂಗಳು ಇಲ್ಲ. ನಾನಾದರೆ ತಿಂಗಳನ್ನು ಹಬ್ಬ ನೋಡಿ ಆರಿಸುತ್ತೇನೆ, ಹೊರಗೆ ಕಾಲಿಡುವ ಹೊತ್ತನ್ನು ಮಳೆ ನೋಡಿ ಆರಿಸುತ್ತೇನೆ. ಈ ಎರಡನೆಯ ಕೆಲಸಕ್ಕೆ ಅಲ್ಲಿನ ಸರ್ಕಾರದ ಹವಾಮಾನ ಸೇವೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಮೆಟಿಯರಲಾಜಿಕಲ್ ಸರ್ವಿಸ್ ಸಿಂಗಾಪುರ ಅಂತ ಅದರ ಹೆಸರು. ವೆಬ್‌ಸೈಟ್ ಇದೆ, ಮುಖ್ಯವಾದ ಮಾಹಿತಿ ಮೈ ಇಎನ್‌ವಿ ಆ್ಯಪ್‌ನಲ್ಲೂ ಬರುತ್ತದೆ. ದುಡ್ಡು ಕೊಡಬೇಕಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಆ ಅರ್ಧ ಯಾಕೆ ಹೋಯಿತು ಅಂತ ಮುಂದೆ ಹೇಳುತ್ತೇನೆ.

ಮೊದಲು ಫೋನ್‌ನಲ್ಲಿ ತಾನಾಗಿ ಬಂದಿರುವ ಹವಾಮಾನದ ಆ್ಯಪ್ ವಿಷಯ. ಅದರಲ್ಲಿ ಸಿಂಗಾಪುರ ಅಂತ ಹಾಕಿ ನೋಡಿ. ಇವತ್ತು ಗುಡುಗು, ನಾಳೆ ಗುಡುಗು, ನಾಡಿದ್ದೂ ಗುಡುಗು. ಇದನ್ನು ನೋಡಿ ಹೆದರಿ ಟಿಕೆಟ್ ಕ್ಯಾನ್ಸಲ್ ಮಾಡಲು ಹೊರಡುವವರಿದ್ದಾರೆ. ಆ್ಯಪ್ ಸುಳ್ಳು ಹೇಳುತ್ತಿಲ್ಲ, ಆದರೆ ಅದು ಹೇಳುವುದರಿಂದ ನಮಗೆ ಏನೂ ತಿಳಿಯುವುದಿಲ್ಲ. ಸಿಂಗಾಪುರ ಇರುವುದು ಭೂಮಧ್ಯರೇಖೆಯಿಂದ ಕೇವಲ 137 ಕಿಲೋಮೀಟರ್ ಉತ್ತರಕ್ಕೆ. ವರ್ಷಕ್ಕೆ ಸರಾಸರಿ 2,113 ಮಿಲಿಮೀಟರ್ ಮಳೆ, 171 ಮಳೆ ದಿನ. ಅಂದರೆ ಹೆಚ್ಚುಕಮ್ಮಿ ಎರಡು ದಿನಕ್ಕೊಮ್ಮೆ ಮಳೆ ಬಿದ್ದೇ ಬೀಳುತ್ತದೆ. ಆದರೆ ಆ ಮಳೆ ಬಹುತೇಕ ಧೋ ಅಂತ ಸುರಿದು, ಒಂದೆರಡು ಗಂಟೆಯಲ್ಲಿ ಮುಗಿದು, ರಸ್ತೆ ಒಣಗುವ ಹೊತ್ತಿಗೆ ಮತ್ತೆ ಸೆಕೆ ಶುರು. ಊರಿನ ಈ ತುದಿಯಲ್ಲಿ ಕೊಡೆ ಹಿಡಿದು ನಿಂತಿದ್ದರೆ ಆ ತುದಿಯಲ್ಲಿ ಬಿಸಿಲು. ಇಡೀ ದಿನಕ್ಕೆ ಒಂದೇ ಚಿತ್ರ ಹಾಕಿದರೆ ಏನು ಪ್ರಯೋಜನ, ಅಲ್ವಾ?

ಹೊರಡುವ ಮೊದಲು ನೋಡಬೇಕಾದದ್ದು ವೆಬ್‌ಸೈಟ್‌ನ ಹವಾಗುಣದ ಪುಟ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ನನ್ನ ಪ್ರಕಾರ ಹಬ್ಬ ನೋಡುವವರಿಗೆ ಅರ್ಧ ಉತ್ತರ ಇರುವುದು ಇಲ್ಲೇ. ಡಿಸೆಂಬರ್‌ನಿಂದ ಮಾರ್ಚ್ ಮೊದಲ ಭಾಗದವರೆಗೆ ಈಶಾನ್ಯ ಮಾನ್ಸೂನ್. ಅದರಲ್ಲೇ ಎರಡು ಭಾಗ. ಡಿಸೆಂಬರ್, ಜನವರಿ ಒದ್ದೆ. ಫೆಬ್ರವರಿಯಿಂದ ಮಾರ್ಚ್ ಶುರುವಿನವರೆಗೆ ಒಣ, ಗಾಳಿ ಜಾಸ್ತಿ. ಡಿಸೆಂಬರ್‌ನಲ್ಲಿ ಮುನ್ನೂರು ಮಿಲಿಮೀಟರ್ ದಾಟುವ ಮಳೆ ಫೆಬ್ರವರಿಗೆ ನೂರರ ಆಸುಪಾಸಿಗೆ ಇಳಿಯುತ್ತದೆ. ಆಮೇಲೆ ಮೇ ತನಕ ಗಾಳಿ ಸಡಿಲ, ವಿಪರೀತ ಸೆಕೆ, ಮಧ್ಯಾಹ್ನದ ಗುಡುಗು ಮಳೆ. ಜೂನ್‌ನಿಂದ ಸೆಪ್ಟೆಂಬರ್ ನೈಋತ್ಯ ಮಾನ್ಸೂನ್. ಹೆಸರು ಕೇಳಿ ನಮ್ಮ ಜೂನ್ ಮಳೆ ನೆನೆಸಿಕೊಳ್ಳಬೇಡಿ, ಅಲ್ಲಿ ಅದು ಅಷ್ಟು ಜೋರಿಲ್ಲ. ಅಕ್ಟೋಬರ್, ನವೆಂಬರ್ ಮತ್ತೆ ಗುಡುಗಿನ ಕಾಲ.

ಈಗ ಇದರ ಮೇಲೆ ಹಬ್ಬಗಳನ್ನು ಇಟ್ಟು ನೋಡಿ. ಮಜಾ ಇರುವುದು ಇಲ್ಲಿ. ಮಳೆ ಸೂರ್ಯನ ಲೆಕ್ಕದಲ್ಲಿ ಬರುತ್ತದೆ, ಹಬ್ಬಗಳು ಬಹುತೇಕ ಚಂದ್ರನ ಲೆಕ್ಕದಲ್ಲಿ ಬರುತ್ತವೆ. ಹಾಗಾಗಿ ಅದೇ ಹಬ್ಬ ಒಂದು ವರ್ಷ ಒದ್ದೆಯಾಗಿರುತ್ತದೆ, ಇನ್ನೊಂದು ವರ್ಷ ಒಣಗಿರುತ್ತದೆ. ಚೀನೀ ಹೊಸ ವರ್ಷ 2025ರಲ್ಲಿ ಜನವರಿ 29ಕ್ಕೆ ಬಂತು, ಇನ್ನೂ ಒದ್ದೆ ಕಾಲದ ಬಾಲ. 2026ರಲ್ಲಿ ಫೆಬ್ರವರಿ 17, ಅಂದರೆ ವರ್ಷದಲ್ಲೇ ಒಣಗಿದ ತಿಂಗಳ ನಡುಮಧ್ಯ. ತಮಿಳರು ಮುರುಗನಿಗೆ ಕಾವಡಿ ಹೊರುವ ತೈಪೂಸಮ್ ಹಬ್ಬ ಕೂಡ ಹಾಗೆಯೇ ಜನವರಿ, ಫೆಬ್ರವರಿ ನಡುವೆ ಓಡಾಡುತ್ತದೆ. ರಂಜಾನ್ ಅಂತೂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಜಾರುತ್ತಲೇ ಇರುತ್ತದೆ. ಮಲಯ್ ಜನರ ಹಳೆ ಬಡಾವಣೆ ಗೇಲಾಂಗ್ ಸೆರಾಯ್‌ನಲ್ಲಿ ಆ ತಿಂಗಳು ಪೂರ್ತಿ ರಾತ್ರಿ ಬಜಾರ್ ನಡೆಯುತ್ತದೆ. ಬೀದಿ ತುಂಬಾ ತಿಂಡಿ, ಬಟ್ಟೆ, ದೀಪ. 2026ರ ರಂಜಾನ್ ಒಣ ಕಾಲಕ್ಕೆ ಸರಿಯಾಗಿ ಬೀಳುತ್ತದೆ, ಇನ್ನು ಕೆಲವೇ ವರ್ಷಕ್ಕೆ ಜನವರಿ ಮಳೆಯೊಳಗೆ ಹೋಗಿ ಸೇರುತ್ತದೆ. ಬಜಾರ್ ನೋಡುವ ಆಸೆ ಇದ್ದರೆ ಮುಂದೆ ಹಾಕುತ್ತಾ ಹೋಗಬೇಡಿ.

ದೀಪಾವಳಿ ಮಾತ್ರ ಯಾವ ವರ್ಷವಾದರೂ ಗುಡುಗಿನ ಕಾಲದಲ್ಲೇ. ಅಕ್ಟೋಬರ್ ಇರಲಿ, ನವೆಂಬರ್ ಇರಲಿ, ಮಧ್ಯಾಹ್ನ ಅಥವಾ ಸಂಜೆ ಮುಂದೆ ಮಳೆ ಗ್ಯಾರಂಟಿ ಅಂದುಕೊಂಡೇ ಹೋಗಿ. ಡಿಸೆಂಬರ್ ಬಿಟ್ಟರೆ ಅತಿ ಜಾಸ್ತಿ ಮಳೆ ನವೆಂಬರ್‌ನದೇ. ಹಾಗಂತ ಬಿಡಬಾರದು. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಗೆ ಹಬ್ಬಕ್ಕೆ ವಾರಗಳ ಮುಂಚೆಯೇ ದೀಪದ ಕಮಾನು ಕಟ್ಟುತ್ತಾರೆ, ಮಳೆ ಬಂದು ನಿಂತ ಮೇಲೆ ಆ ದೀಪಗಳು ಒದ್ದೆ ಡಾಂಬರಿನ ಮೇಲೆ ಎರಡು ಪಾಲಾಗಿ ಕಾಣುತ್ತವೆ. ನನಗೆ ಒಣ ರಸ್ತೆಗಿಂತ ಅದೇ ಇಷ್ಟ.

ಇನ್ನು ಸೇವೆಯ ಅಸಲಿ ಶಕ್ತಿ: ಮಳೆ ರಾಡಾರ್. ವೆಬ್‌ಸೈಟ್‌ನಲ್ಲಿ ಮಳೆ ಪ್ರದೇಶಗಳ ನಕ್ಷೆ ಮೂರು ಅಳತೆಯಲ್ಲಿ ಇದೆ: 50, 240, 480 ಕಿಲೋಮೀಟರ್. ಬೀದಿ ಸುತ್ತುವವರಿಗೆ 50 ಸಾಕು. ಕೆಲವೇ ನಿಮಿಷಕ್ಕೊಮ್ಮೆ ಹೊಸ ಚಿತ್ರ ಬರುತ್ತದೆ, ಹಿಂದಿನವನ್ನೂ ಸೇರಿಸಿ ಓಡಿಸಿ ನೋಡಬಹುದು. ಹಗುರ ಮಳೆಗೆ ನೀಲಿ ಹಸಿರು, ಜೋರಾದಂತೆ ಹಳದಿ, ಆಮೇಲೆ ಕೆಂಪು.

ಒಂದು ಸಂಜೆಯ ಉದಾಹರಣೆ ಕೊಡುತ್ತೇನೆ, ಯಾಕೆಂದರೆ ಇದನ್ನು ಓದುವುದು ಹೇಗೆ ಅಂತ ಬಾಯಲ್ಲಿ ಹೇಳುವುದು ಕಷ್ಟ. ದೀಪಾವಳಿ ಮುಂಚಿನ ದಿನಗಳು, ಅಮ್ಮ ಜೊತೆಗಿದ್ದರು, ಹೂವು ಮತ್ತು ಹಣತೆ ನೋಡಬೇಕು ಅಂತ ಲಿಟಲ್ ಇಂಡಿಯಾದ ಕ್ಯಾಂಪ್‌ಬೆಲ್ ಲೇನ್ ಕಡೆ ಹೊರಟಿದ್ದೆವು. ತಲೆ ಮೇಲೆ ಆಕಾಶ ತಿಳಿಯಾಗಿತ್ತು. ರಾಡಾರ್ ತೆರೆದರೆ ಬುಕಿಟ್ ತಿಮಾ ಅನ್ನುವ ಬಡಾವಣೆ ಮೇಲೆ ಒಂದು ಹಳದಿ ಚುಕ್ಕೆ. ಹಿಂದಿನ ಚಿತ್ರಗಳನ್ನು ಓಡಿಸಿ ನೋಡಿದೆ, ಅರ್ಧ ಗಂಟೆ ಹಿಂದೆ ಅದು ಇರಲೇ ಇಲ್ಲ. ಅಂದರೆ ಎಲ್ಲಿಂದಲೋ ತೇಲಿ ಬಂದ ಮಳೆ ಅಲ್ಲ, ಅಲ್ಲೇ ಹುಟ್ಟಿ ಬೆಳೆಯುತ್ತಿರುವ ಮಳೆ. ಮುಂದಿನ ಚಿತ್ರದಲ್ಲಿ ನಡುವೆ ಕೆಂಪು ಬಂತು, ಅದರ ಮುಂದಿನದರಲ್ಲಿ ಅಂಚು ನಮ್ಮ ಕಡೆ ಹರಡಿತು. “ಅಮ್ಮ, ಮೊದಲು ಕಾಫಿ ಕುಡಿಯೋಣ, ಆಮೇಲೆ ಹೂವು” ಅಂದೆ. “ಬಿಸಿಲು ಹೊಡೀತಾ ಇದೆ, ಈಗ್ಯಾಕೋ ಕಾಫಿ?” ಅಂದರು. ನಾವು ಕೂತ ಸ್ವಲ್ಪ ಹೊತ್ತಿಗೇ ಶುರುವಾದ ಮಳೆಗೆ ಎದುರಿನ ಅಂಗಡಿಯ ಬೋರ್ಡ್ ಕಾಣದಂತಾಯಿತು. ನಕ್ಷೆಯಲ್ಲಿ ಕೆಂಪು ಕರಗಿ ಹಸಿರಾಗುವವರೆಗೆ ಕೂತಿದ್ದು ಎದ್ದೆವು. ಅಲ್ಲಿಂದ ಮುಂದೆ ಅಮ್ಮನೇ “ನಿನ್ನ ಆ ಬಣ್ಣದ ನಕ್ಷೆ ಏನು ಹೇಳುತ್ತೆ ನೋಡು” ಅನ್ನುವುದು ಶುರುವಾಯಿತು.

ರಾಡಾರ್ ನೋಡುವಾಗ ಒಂದು ಎಚ್ಚರ. ಚಿತ್ರದ ಮೇಲಿನ ಸಮಯ ಓದಿ. ಅದು ಈ ಕ್ಷಣದ್ದಲ್ಲ, ಕೆಲವು ನಿಮಿಷ ಹಳೆಯದು. ಕೆಂಪು ಬಣ್ಣ ನೀವಿರುವ ಜಾಗದ ಅಂಚಿಗೆ ಬಂದಿದ್ದರೆ ಮಳೆ ಆಗಲೇ ಬಂದಿರುತ್ತದೆ.

ಎರಡು ಗಂಟೆಯ ಮುನ್ಸೂಚನೆಯೂ ಚೆನ್ನಾಗಿದೆ. ಇಡೀ ದ್ವೀಪವನ್ನು 47 ಪ್ರದೇಶ ಮಾಡಿ ಒಂದೊಂದಕ್ಕೂ ಬೇರೆ ಬೇರೆ ಹೇಳುತ್ತಾರೆ. ಒಂದು ಊರಿಗೆ ಇಷ್ಟು ಸಣ್ಣದಾಗಿ ಪಾಲು ಹಾಕಿ ಕೊಡುವುದು ದೊಡ್ಡ ವಿಷಯ. ಆದರೆ ನನ್ನ ಅರ್ಧ ಅಂಕ ಹೋಗಿದ್ದು ಇಲ್ಲೇ. ಈ ಪಟ್ಟಿ ಅಲ್ಲಿ ವಾಸ ಮಾಡುವವರಿಗೆ ಮಾಡಿದ್ದು. ಅದರಲ್ಲಿ ಲಿಟಲ್ ಇಂಡಿಯಾ ಇಲ್ಲ, ಚೈನಾಟೌನ್ ಇಲ್ಲ, ಮರೀನಾ ಬೇ ಇಲ್ಲ. ಹೊಸಬರು ಹುಡುಕಿ ಹುಡುಕಿ ಸುಮ್ನೆ ಬಿಟ್ಟುಬಿಡುತ್ತಾರೆ. ಚೈನಾಟೌನ್ ಮತ್ತು ಮರೀನಾ ಬೇಗೆ ‘ಸಿಟಿ’ ಅಂತ ಇರುವುದನ್ನು ನೋಡಿ. ಲಿಟಲ್ ಇಂಡಿಯಾ ಸಿಟಿ, ಕಲ್ಲಾಂಗ್, ನೊವೀನಾ ಮೂರರ ನಡುವೆ ಬರುತ್ತದೆ, ಮೂರನ್ನೂ ನೋಡಿ. ರಂಜಾನ್ ಬಜಾರ್‌ಗೆ ‘ಗೇಲಾಂಗ್’. ಸೆಂಟೋಸಾ ಮಾತ್ರ ಪುಣ್ಯಕ್ಕೆ ತನ್ನ ಹೆಸರಲ್ಲೇ ಇದೆ. ಪ್ರವಾಸಿಗರು ಇಷ್ಟೊಂದು ಬರುವ ಊರಿನಲ್ಲಿ ನಾಲ್ಕು ಹೆಸರು ಸೇರಿಸುವುದು ಕಷ್ಟವೇ?

ನಾಲ್ಕು ದಿನದ ಮುನ್ಸೂಚನೆ ಇದೆಯಲ್ಲ, ಅದರ ಮೇಲೆ ಹೆಚ್ಚು ಭಾರ ಹಾಕಬೇಡಿ. ‘ಮಧ್ಯಾಹ್ನ ಗುಡುಗು ಸಹಿತ ಮಳೆ’ ಅಂತ ನಾಲ್ಕೂ ದಿನ ಇದ್ದರೆ ಯಾವ ದಿನ ಆರಿಸುತ್ತೀರಿ? ಇದು ಇಲಾಖೆಯ ತಪ್ಪಲ್ಲ. ಬಿಸಿಲಿಗೆ ನೆಲ ಕಾದು ಅಲ್ಲೇ ಮೋಡ ಕಟ್ಟುವ ಮಳೆ ನಾಳಿದ್ದು ಯಾವ ಬೀದಿಗೆ ಬೀಳುತ್ತದೆ ಅಂತ ಯಾರೂ ಹೇಳಲಾರರು. 24 ಗಂಟೆಯದು ಪರವಾಗಿಲ್ಲ. ದ್ವೀಪವನ್ನು ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಮಧ್ಯ ಅಂತ ಐದು ಮಾಡಿ, ದಿನವನ್ನೂ ಭಾಗ ಮಾಡಿ ಹೇಳುವುದರಿಂದ ಬೆಳಗ್ಗೆ ಹೊರಗಿನದು, ಮಧ್ಯಾಹ್ನ ಒಳಗಿನದು ಅಂತ ಯೋಜನೆ ಮಾಡಿಕೊಳ್ಳಬಹುದು. ಅದಕ್ಕಿಂತ ನನಗೆ ಇಷ್ಟವಾದದ್ದು ಹದಿನೈದು ದಿನಕ್ಕೊಮ್ಮೆ ಬರುವ ಮುನ್ನೋಟ. ಒಂದು ಪುಟದ ಬರಹ. ಹೋದ ಹದಿನೈದು ದಿನ ಹೇಗಿತ್ತು, ಮುಂದಿನ ಹದಿನೈದು ದಿನ ಮಳೆ ಸರಾಸರಿಗಿಂತ ಜಾಸ್ತಿಯೋ ಕಮ್ಮಿಯೋ, ಬೆಳಗಿನ ಗಾಳಿಮಳೆ ಇದೆಯೋ ಇಲ್ಲವೋ, ಸೆಕೆ ಎಷ್ಟು, ಎಲ್ಲ ನೇರವಾಗಿ ಬರೆದಿರುತ್ತಾರೆ. ಹೊರಡುವ ಮುಂಚೆ ಅದನ್ನು ಓದಿ, ಬಟ್ಟೆ ಚಪ್ಪಲಿ ಅದರ ಮೇಲೆ ತೀರ್ಮಾನ ಮಾಡಿ.

ಬೆಳಗಿನ ಗಾಳಿಮಳೆ ಅಂದೆನಲ್ಲ, ಅದಕ್ಕೆ ಸುಮಾತ್ರಾ ಸ್ಕ್ವಾಲ್ ಅಂತ ಹೆಸರು. ಸುಮಾತ್ರಾ ದ್ವೀಪದ ಮೇಲೋ ಮಲಕ್ಕಾ ಜಲಸಂಧಿಯ ಮೇಲೋ ರಾತ್ರಿ ಕಟ್ಟಿಕೊಂಡ ಗುಡುಗುಮೋಡಗಳ ಸಾಲು ಪೂರ್ವಕ್ಕೆ ನುಗ್ಗಿ ಸಿಂಗಾಪುರವನ್ನು ನಸುಕಿನಿಂದ ಮಧ್ಯಾಹ್ನದೊಳಗೆ ಹಾದು ಹೋಗುತ್ತದೆ. ನೈಋತ್ಯ ಮಾನ್ಸೂನ್ ತಿಂಗಳುಗಳಲ್ಲಿ ಇದು ಜಾಸ್ತಿ. ರಾಡಾರ್‌ನಲ್ಲಿ ಇದನ್ನು ಗುರುತಿಸುವುದು ಸುಲಭ. ಚುಕ್ಕೆ ಚುಕ್ಕೆಯಾಗಿ ಇರುವುದಿಲ್ಲ, ಪಶ್ಚಿಮದಿಂದ ಬಿಲ್ಲಿನ ಹಾಗೆ ಬಾಗಿದ ಕೆಂಪು ಗೆರೆಯೇ ಬರುತ್ತದೆ. ಇಲ್ಲಿ 240 ಕಿಲೋಮೀಟರ್ ನಕ್ಷೆ ಬೇಕು, ಗೆರೆ ಇನ್ನೂ ದೂರ ಇರುವಾಗಲೇ ಕಾಣುತ್ತದೆ. ಆಗಸ್ಟ್ 9ರ ರಾಷ್ಟ್ರೀಯ ದಿನಕ್ಕೆ ಹೋಗುವವರು ಬೆಳಗ್ಗೆ ಇಂಥ ಮಳೆ ನೋಡಿ ಎದೆಗುಂದಬೇಡಿ. ಸ್ಕ್ವಾಲ್ ಹಾದುಹೋದ ಮೇಲೆ ಹವೆ ತಂಪಾಗುತ್ತದೆ, ಮೋಡ ಮುಚ್ಚಿಕೊಂಡೇ ಇರುವುದರಿಂದ ಮಧ್ಯಾಹ್ನದ ಮಳೆ ಕಟ್ಟದೆ ಹೋಗುವುದೂ ಉಂಟು. ಸಂಜೆಯ ಬಾಣಬಿರುಸು ಆರಾಮಾಗಿ ನೋಡಬಹುದು.

ಸಿಂಗಾಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ವರ್ಷವಿಡೀ ಬೆಳಗ್ಗೆ ಏಳರ ಆಸುಪಾಸಿಗೆ ಸೂರ್ಯೋದಯ, ಸಂಜೆ ಏಳರ ಆಸುಪಾಸಿಗೆ ಮುಳುಗು. ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಒಂದರ ಹೊತ್ತಿಗೆ. ಹಾಗಾಗಿ ಸೆಕೆಯೂ ಅದರಿಂದ ಹುಟ್ಟುವ ಮಳೆಯೂ ನಾವು ಅಂದುಕೊಳ್ಳುವುದಕ್ಕಿಂತ ತಡವಾಗಿ ಬರುತ್ತವೆ. ನಾಲ್ಕು ಗಂಟೆ ಆಯಿತು, ಮಳೆ ತಪ್ಪಿತು ಅಂದುಕೊಂಡು ಕೊಡೆ ರೂಮಿನಲ್ಲಿ ಬಿಡಬೇಡಿ.

ಹಬ್ಬಗಳಲ್ಲಿ ರಾತ್ರಿ ನಡೆಯುವವನ್ನು ಮೊದಲು ಆರಿಸಿ ಅಂತ ನಾನು ಹೇಳುವುದು ಇದಕ್ಕೇ. ಬಿಸಿಲಿನಿಂದ ಕಟ್ಟುವ ಮಳೆಯ ಜೋರು ಕತ್ತಲಾದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ. ದೀಪಾವಳಿಗೆ ಸ್ವಲ್ಪ ಮುಂಚೆ ಬರುವ ತೀಮಿಥಿ ಅಂದರೆ ಕೆಂಡ ಹಾಯುವ ಹಬ್ಬ. ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ದೇವಸ್ಥಾನದಿಂದ ಭಕ್ತರು ಮೆರವಣಿಗೆಯಲ್ಲಿ ಚೈನಾಟೌನ್‌ನ ಸೌತ್ ಬ್ರಿಡ್ಜ್ ರಸ್ತೆಯ ಮಾರಿಯಮ್ಮನ್ ದೇವಸ್ಥಾನಕ್ಕೆ ನಡೆದು ಬರುತ್ತಾರೆ. 1827ರಲ್ಲಿ ಶುರುವಾದ ಗುಡಿ ಅದು, ಸಿಂಗಾಪುರದ ಅತಿ ಹಳೆಯ ಹಿಂದೂ ದೇವಸ್ಥಾನ. ತೈಪೂಸಮ್ ಕಾವಡಿಗಳು ಅದೇ ಪೆರುಮಾಳ್ ಗುಡಿಯಿಂದ ಟ್ಯಾಂಕ್ ರಸ್ತೆಯ ದಂಡಾಯುಧಪಾಣಿ ದೇವಸ್ಥಾನಕ್ಕೆ ಹೋಗುತ್ತವೆ. ಹಿಂದಿನ ದಿನದ ನಡುರಾತ್ರಿ ಹೊತ್ತಿಗೇ ಹಾಲಿನ ಕೊಡ ಹೊತ್ತವರು ಹೊರಡುತ್ತಾರೆ, ಮಾರನೆಯ ದಿನವಿಡೀ ಸಾಲು ನಿಲ್ಲುವುದಿಲ್ಲ. ದೊಡ್ಡ ಕಾವಡಿ ಹೊತ್ತವರು ಮೈಯೆಲ್ಲ ಬೆವರಿನಲ್ಲಿ ತೊಯ್ದು ಬರಿಗಾಲಲ್ಲಿ ನಡೆಯುವಾಗ ಪಕ್ಕದಲ್ಲಿ ಮನೆಯವರು ಚೊಂಬಿನಿಂದ ಕಾಲಿಗೆ ನೀರು ಹಾಕುತ್ತಾ ಜೊತೆಗೇ ಹೆಜ್ಜೆ ಹಾಕುತ್ತಿರುತ್ತಾರೆ. ನಸುಕಿನಲ್ಲಿ ಹೋದರೆ ಬಿಸಿಲಿಲ್ಲ, ಜನ ಸ್ವಲ್ಪ ಕಮ್ಮಿ. ಫ್ಯಾರರ್ ಪಾರ್ಕ್ ಎಂಆರ್‌ಟಿ (ಮೆಟ್ರೋ) ನಿಲ್ದಾಣದಲ್ಲಿ ಇಳಿದರೆ ಪೆರುಮಾಳ್ ಗುಡಿ ಹತ್ತಿರ.

ಹಬ್ಬದ ತಾರೀಕು ಹವಾಮಾನ ಸೇವೆಯಲ್ಲಿ ಸಿಗುವುದಿಲ್ಲ, ಸಿಗಬೇಕು ಅಂತಲೂ ಇಲ್ಲ. ಸರ್ಕಾರಿ ರಜೆಗಳನ್ನು ಅಲ್ಲಿನ ಮಾನವಶಕ್ತಿ ಸಚಿವಾಲಯ ಮುಂಚೆಯೇ ಪ್ರಕಟಿಸುತ್ತದೆ, ವರ್ಷಕ್ಕೆ 11. ಆದರೆ ತೈಪೂಸಮ್, ತೀಮಿಥಿ ಎರಡೂ ಆ ಪಟ್ಟಿಯಲ್ಲಿ ಇಲ್ಲ, ಅವಕ್ಕೆ ರಜೆ ಇಲ್ಲ. ಅಲ್ಲಿನ ಕೆಲವು ಹಿಂದೂ ದೇವಸ್ಥಾನಗಳನ್ನು ನೋಡಿಕೊಳ್ಳುವ ಹಿಂದೂ ಎಂಡೋಮೆಂಟ್ಸ್ ಬೋರ್ಡ್‌ನ ಪ್ರಕಟಣೆ ನೋಡಿ. ದೀಪಾವಳಿ ತಾರೀಕೂ ನಮ್ಮ ಕ್ಯಾಲೆಂಡರ್ ನೋಡಿ ಅಂದಾಜು ಮಾಡಬೇಡಿ, ಅಲ್ಲಿನದನ್ನೇ ನೋಡಿ. ಚೀನೀ ಹೊಸ ವರ್ಷಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಚೈನಾಟೌನ್ ಬೀದಿಯ ದೀಪ, ಸಂತೆ, ಗದ್ದಲ ಎಲ್ಲ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ. ಹಬ್ಬದ ಎರಡು ದಿನ ಎಷ್ಟೋ ಅಂಗಡಿ, ಹೋಟೆಲ್ ಬಾಗಿಲು ಹಾಕಿ ಜನ ನೆಂಟರ ಮನೆಗೆ ಹೋಗಿರುತ್ತಾರೆ. ಹಬ್ಬದ ದಿನವೇ ಹೋಗಿ ಇಳಿದರೆ ಖಾಲಿ ಬೀದಿ ಸಿಗುತ್ತದೆ.

ಮಳೆ ಬಂದರೆ ನಿಲ್ಲುವುದೆಲ್ಲಿ ಅನ್ನುವ ಚಿಂತೆ ಆ ಊರಿನಲ್ಲಿ ಕಮ್ಮಿ. ಲಿಟಲ್ ಇಂಡಿಯಾ, ಚೈನಾಟೌನ್ ಎರಡರಲ್ಲೂ ಹಳೆ ಅಂಗಡಿಮನೆಗಳ ಮುಂದೆ ಐದಡಿ ಅಗಲದ ಜಗಲಿ, ಮೇಲಿನ ಮಹಡಿಯೇ ಅದಕ್ಕೆ ಚಾವಣಿ. ಒಂದರ ಜಗಲಿಯಿಂದ ಇನ್ನೊಂದರ ಜಗಲಿಗೆ ದಾಟುತ್ತಾ ಹೋಗಬಹುದು. ನೆಲದ ಟೈಲ್ಸ್ ಒದ್ದೆಯಾದರೆ ಜಾರುತ್ತವೆ, ವಯಸ್ಸಾದವರ ಕೈ ಹಿಡಿದುಕೊಳ್ಳಿ. ಬಸ್ಸಿಗೂ ಎಂಆರ್‌ಟಿಗೂ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ತೋರಿಸಿದರೆ ಸಾಕಾಗುವುದರಿಂದ ಮಳೆಯಲ್ಲಿ ಟಿಕೆಟ್‌ಗೆ ಕ್ಯೂ ನಿಲ್ಲುವ ಕಷ್ಟವೂ ಇಲ್ಲ. ಆದರೆ ವೆಬ್‌ಸೈಟ್‌ನಲ್ಲಿ ಸಿಡಿಲಿನ ನಕ್ಷೆಯೂ ಇದೆ, ಅದನ್ನು ಸದರ ಮಾಡಬೇಡಿ. ಅಲ್ಲಿ ಸಿಡಿಲು ಜಾಸ್ತಿ. ಬಯಲಲ್ಲಿ, ಬೀಚ್‌ನಲ್ಲಿ ಇದ್ದರೆ ಮಳೆ ಶುರುವಾಗುವ ತನಕ ಕಾಯದೆ ಒಳಗೆ ಹೋಗಿ.

ಈ ಇಡೀ ಲೆಕ್ಕಾಚಾರ ಕೆಲಸ ಮಾಡದ ಒಂದು ಸಂದರ್ಭ ಇದೆ. ಡಿಸೆಂಬರ್, ಜನವರಿಯಲ್ಲಿ ದಕ್ಷಿಣ ಚೀನಾ ಸಮುದ್ರದ ಗಾಳಿ ಒಮ್ಮೆಲೇ ಜೋರಾಗಿ ದಿನಗಟ್ಟಲೆ ಬಿಡದೆ ಸುರಿಯುವ ಮಳೆ, ಮಾನ್ಸೂನ್ ಸರ್ಜ್. ಜನವರಿ 2025ರಲ್ಲಿ ಚಾಂಗಿಯ ಹವಾಮಾನ ಕೇಂದ್ರದಲ್ಲಿ ಎರಡೇ ದಿನಕ್ಕೆ 255 ಮಿಲಿಮೀಟರ್ ಮಳೆ ಬಿತ್ತು, ಇಡೀ ಜನವರಿಯ ಸರಾಸರಿಗಿಂತ ಜಾಸ್ತಿ. ಆಗ ಎರಡು ಗಂಟೆ ಕಾದರೆ ನಿಲ್ಲುತ್ತದೆ ಅನ್ನುವ ಮಾತಿಲ್ಲ. ಇಂಥದನ್ನು ಇಲಾಖೆ ಮುಂಚೆಯೇ ಹೇಳುತ್ತದೆ, ಅದಕ್ಕೆ ಪೂರ್ತಿ ಅಂಕ. ಜನವರಿಯ ಪೊಂಗಲ್ ನೋಡಲು ಅಥವಾ ಡಿಸೆಂಬರ್‌ನ ಆರ್ಚರ್ಡ್ ರಸ್ತೆ ಕ್ರಿಸ್ಮಸ್ ದೀಪ ನೋಡಲು ಹೋಗುವವರು ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ಏನಾದರೂ ಒಂದು ದಿನ ಕೈತಪ್ಪಿದರೆ ಇನ್ನೊಂದಿರುತ್ತದೆ. ಆ ದಿನಗಳಿಗೆ ಗಾರ್ಡನ್ಸ್ ಬೈ ದ ಬೇಯ ಗಾಜಿನ ಮನೆಗಳು, ಕ್ಯಾಂಪ್‌ಬೆಲ್ ಲೇನ್‌ನ ಇಂಡಿಯನ್ ಹೆರಿಟೇಜ್ ಸೆಂಟರ್ ಇವೆ.

ಕೊನೆಗೆ ಹೊಗೆ. ಜೂನ್‌ನಿಂದ ಅಕ್ಟೋಬರ್‌ವರೆಗೆ, ಕೆಲವು ವರ್ಷ, ಸುಮಾತ್ರಾದಲ್ಲಿ ಕಾಡು ಮತ್ತು ಪೀಟ್ ನೆಲ (ಕೊಳೆತ ಗಿಡಗಳಿಂದ ಆದ ಜೌಗು ಮಣ್ಣು) ಉರಿದ ಹೊಗೆ ಗಾಳಿಯೊಂದಿಗೆ ಬಂದು ಊರನ್ನು ಮುಚ್ಚುತ್ತದೆ. ಜೂನ್ 2013ರಲ್ಲಿ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಅಲ್ಲಿನ ಪಿಎಸ್‌ಐ ಸೂಚ್ಯಂಕ 401ಕ್ಕೆ ಹೋಗಿತ್ತು. ಮೈ ಇಎನ್‌ವಿ ಆ್ಯಪ್‌ನಲ್ಲಿ ಮಳೆಯ ಜೊತೆಗೇ ಈ ಸಂಖ್ಯೆಯೂ ಇರುತ್ತದೆ. ನೂರರೊಳಗಿದ್ದರೆ ತಲೆಕೆಡಿಸಿಕೊಳ್ಳಬೇಡಿ. ನೂರು ದಾಟಿದರೆ ಅನಾರೋಗ್ಯಕರ ಅಂತ ಲೆಕ್ಕ, ಉಬ್ಬಸ ಇರುವವರು, ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಹೊರಗಿನ ಓಡಾಟ ಕಮ್ಮಿ ಮಾಡಿ. ಆ ತಿಂಗಳುಗಳಲ್ಲಿ ಹೋಗುವವರು ಹೋಟೆಲ್ ಬುಕ್ ಮಾಡುವಾಗ ಕ್ಯಾನ್ಸಲ್ ಮಾಡಲು ಬರುವಂಥದ್ದನ್ನೇ ಆರಿಸಿ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಫಾರ್ಮುಲಾ ಒನ್ ರಾತ್ರಿ ರೇಸ್ ಇರುವ ವಾರಾಂತ್ಯ ಯಾವುದು ಅಂತಲೂ ನೋಡಿಕೊಳ್ಳಿ. ಆ ಮೂರ್ನಾಲ್ಕು ದಿನ ಮರೀನಾ ಬೇ ಸುತ್ತಮುತ್ತ ರಸ್ತೆ ಬಂದ್, ರೂಮಿನ ಬಾಡಿಗೆ ಕೈಗೆಟುಕುವುದಿಲ್ಲ.